ತೋಟ ಇದ್ದಲಾ, ತಮಾ

ಕೆಲಸ ಕಳೆದುಕೊಂಡು ಬೆಂಗಳೂರಿನಿಂದ ಬಂದಿಳಿದ ಹುಡುಗನಿಗೆ ಭೈರುಂಬೆ ಸುತ್ತಿನ ಹವ್ಯಕರ ಮನೆಗಳಲ್ಲಿ ಮೊದಲು ಸಿಗುವ ಸಮಾಧಾನ ಮೂರೇ ಶಬ್ದದ್ದು: ‘ತೋಟ ಇದ್ದಲಾ, ತಮಾ.’ ಆಯಿ ಕಷಾಯದ ಲೋಟ ಮುಂದಿಡುತ್ತ ಇದನ್ನು ಹೇಳುತ್ತಾಳೆ. ಹುಡುಗನ ಫೋನಿನಲ್ಲಿ ಇನ್ನೊಂದು ಕಂಪನಿಯ ಪತ್ರ ಬಂದು ಕೂತಿರುತ್ತದೆ. ಸಂಬಳ ಮೊದಲಿನದಕ್ಕಿಂತ ಕಡಿಮೆ. ಒಪ್ಪಿಕೊಳ್ಳುವುದೋ, ಇನ್ನೆರಡು ತಿಂಗಳು ಕಾಯುವುದೋ? 2020ರ ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಎಷ್ಟೋ ಜಗುಲಿಗಳಲ್ಲಿ ಈ ಲೆಕ್ಕಾಚಾರ ನಡೆಯಿತು.

ಆದರೆ ಈ ನೆಲಕ್ಕೆ ಈ ಪ್ರಶ್ನೆ ಹೊಸದಲ್ಲ. ಕಡಿಮೆ ಕೂಲಿಗೆ ಹೂಂ ಅನ್ನಬೇಕೋ ಬೇಡವೋ ಎಂದು ಇಲ್ಲಿನ ಜನ ತಲೆಮಾರುಗಳಿಂದ ತೂಗಿ ನೋಡಿದ್ದಾರೆ. ಅವರ ಉತ್ತರವನ್ನು ಹೆಚ್ಚಾಗಿ ತೀರ್ಮಾನಿಸಿದ್ದು ಕೊಡುವ ಹಣವಲ್ಲ. ಕೆಲಸವಿಲ್ಲದ ತಿಂಗಳುಗಳಲ್ಲಿ ಮನೆಯಲ್ಲಿ ಒಲೆ ಉರಿಯಲು ಏನಿದೆ ಎಂಬುದು. ತೋಟ ಇದ್ದವನಿಗೆ ತೋಟ. ತೋಟ ಇಲ್ಲದವನಿಗೆ?

ಅಡಿಕೆಯ ಸೀಮೆಯಲ್ಲಿ ಕೆಲಸ ವರ್ಷವಿಡೀ ಒಂದೇ ಸಮನಾಗಿ ಸಿಗುವುದಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಕೊಳೆರೋಗದ ಭಯ. ಹಿಂದೆ ಕರಡದ ಹುಲ್ಲಿನ ಕೊಟ್ಟೆ ಹೆಣೆದು ಕೊನೆ ಕೊನೆಗೂ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಕುರಿತ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು; ಮುಂದೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಿಗೆಲ್ಲ ಹಬ್ಬಿತು. ಕಟ್ಟುವುದಿರಲಿ, ಹೊಡೆಯುವುದಿರಲಿ, ಜಾರುವ ಮರವನ್ನು ಮಳೆಯಲ್ಲಿ ಹತ್ತುವ ಕೊನೆಗೌಡ ಬೇಕೇ ಬೇಕು. ಗದ್ದೆಯಲ್ಲಿ ನಟ್ಟಿ ನಡೆದಷ್ಟು ದಿನ ಹೆಣ್ಣಾಳು, ಗಂಡಾಳು ಎಲ್ಲರಿಗೂ ಕರೆ ಬರುತ್ತದೆ. ನಟ್ಟಿ ಮುಗಿಯಿತೋ, ದೀಪಾವಳಿಯ ಆಚೀಚೆ ಕೊನೆಕೊಯ್ಲು ಶುರುವಾಗುವ ತನಕ ಕೈ ಖಾಲಿ. ಕೊಯ್ಲು ಬಂದರೆ ಮತ್ತೆ ಗಡಿಬಿಡಿ: ಹಗಲು ಕೊಯ್ಯುವುದು, ರಾತ್ರಿ ದೀಪದ ಬೆಳಕಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವುದು, ಹಂಡೆಯಲ್ಲಿ ಬೇಯಿಸುವುದು, ಅಟ್ಟದ ಮೇಲೆ ಒಣಗಿಸುವುದು. ಘಟ್ಟದ ಕೆಳಗಿನ ಕುಮಟಾ, ಹೊನ್ನಾವರದ ಕಡೆಯವರೂ ಈ ದಿನಗಳಿಗೆಂದೇ ಮೇಲೆ ಬರುತ್ತಿದ್ದರು. ಸುಲಿತಕ್ಕೆ ದಿನದ ಲೆಕ್ಕವಿಲ್ಲ, ಅಳತೆಯ ಲೆಕ್ಕ. ಎಷ್ಟು ಸುಲಿದರೆ ಅಷ್ಟು ಕಾಸು.

ನಡುವಿನ ಆ ಖಾಲಿ ತಿಂಗಳುಗಳಲ್ಲೇ ಕೂಲಿಯ ದರ ನಿಜವಾಗಿ ತೀರ್ಮಾನವಾಗುತ್ತಿತ್ತು. ಅಕ್ಕಿ ಮುಗಿದ ಮನೆಯವರು ಒಡೆಯರ ಅಂಗಳಕ್ಕೆ ಹೋಗಿ ಕಡ ತರುತ್ತಿದ್ದರು. ಆ ಕಡ ತೀರಬೇಕಾದದ್ದು ಕೊಯ್ಲಿನ ದುಡಿಮೆಯಲ್ಲಿ. ಕೆಲಸಕ್ಕೆ ಬೇಡಿಕೆ ಹೆಚ್ಚಿರುವ, ದರ ಕೇಳಲು ಬಾಯಿ ಬರುವ ದಿನಗಳನ್ನು ಆಳು ಆಶ್ವಯುಜಕ್ಕೆ ಮುಂಚೆಯೇ ಅಗ್ಗಕ್ಕೆ ಮಾರಿಕೊಂಡಾಗಿರುತ್ತಿತ್ತು. ಮದುವೆಗೆಂದು ಮುಂಗಡ ತೆಗೆದುಕೊಂಡವನ ಪಾಡು ಇನ್ನೂ ಕಠಿಣ. ಅವನು ವರ್ಷದಾಳಾಗಿ ನಿಂತ. ಎಷ್ಟೋ ಸಲ ಮಗನೂ ಅದೇ ಮನೆಯಲ್ಲಿ ನಿಂತ. ಅದಕ್ಕೆ ಸಂಬಳ ಎಂಬ ಹೆಸರಿದ್ದರೂ ಬೇರೆ ಕಡೆ ಹೋಗುವ ದಾರಿ ಇರಲಿಲ್ಲ.

ಅದಕ್ಕೂ ಹಿಂದೆ ಬಡವರಿಗೆ ಕಾಡು ಇತ್ತು. ಮಳೆಗಾಲದ ಕಳಲೆ, ಗೆಡ್ಡೆ, ಜೇನು, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದ ರಾಗಿ: ಇವು ಮನೆಯಲ್ಲಿದ್ದರೆ ಕಡಿಮೆ ಕೂಲಿಗೆ ಕರೆದವನಿಗೆ ‘ಬರೂದಿಲ್ಲ’ ಅನ್ನಬಹುದಿತ್ತು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರಲ್ಲಿ ಅರಣ್ಯ ಕಾಯ್ದೆ ಬಂತು. ಕುಮರಿಗೆ ಕಡಿವಾಣ ಬಿತ್ತು, ಕಾಡು ಮೀಸಲಾಯಿತು. ತೋಟಿಗರಿಗೆ ಮಾತ್ರ ಗೊಬ್ಬರದ ಸೊಪ್ಪಿಗೆಂದು ಬೆಟ್ಟದ ಹಕ್ಕು ಉಳಿಯಿತು, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯ ಲೆಕ್ಕದಲ್ಲಿ. ಸೊಪ್ಪಿನ ಬೆಟ್ಟದ ಆ ವ್ಯವಸ್ಥೆ ತೋಟಗಳನ್ನು ಉಳಿಸಿತು ಎಂಬ ಹೊಗಳಿಕೆ ಸರಿಯೇ. ಆದರೆ ಅದೇ ಕಾಲದಲ್ಲಿ ತೋಟವಿಲ್ಲದವನ ಕೈಯಿಂದ ಕಾಡು ಜಾರಿದ್ದನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಅವನು ತೋಟದ ಕೂಲಿಗೆ ಬಂದದ್ದು ದರ ಚೆನ್ನಾಗಿದೆ ಎಂದಲ್ಲ.

ತೋಟಿಗರೂ ಬೇರೊಂದು ರೀತಿಯಲ್ಲಿ ಇದೇ ಬಲೆಯಲ್ಲಿದ್ದರು. ದಿನಸಿ, ಬಟ್ಟೆ ಸಾಲದಲ್ಲಿ ಕೊಟ್ಟ ವ್ಯಾಪಾರಿಗೇ ಅಡಿಕೆ ಹಾಕಬೇಕು. ಅವನು ಹೇಳಿದ್ದೇ ರೇಟು. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿದ್ದು ಈ ಕಟ್ಟು ಬಿಡಿಸಲಿಕ್ಕೆ. ಅದರ ಹಿಂದಿದ್ದ ದೊಡ್ಡ ಹೆಸರು ಕಡವೆ ಶ್ರೀಪಾದ ಹೆಗಡೆಯವರದು. ಬೆಳೆಯ ಆಧಾರದ ಮೇಲೆ ಮುಂಗಡ ಸಿಕ್ಕಿದರೆ, ದರ ಬಿದ್ದ ವಾರ ಮಾರಲೇಬೇಕೆಂಬ ಒತ್ತಾಯವಿಲ್ಲ. ಅಟ್ಟದ ಮೇಲಿನ ಅಡಿಕೆ ಇನ್ನೊಂದು ತಿಂಗಳು ಕಾಯಬಹುದು. ಭೈರುಂಬೆಯ ಹುಳಗೋಳ ಸೇವಾ ಸಹಕಾರಿ ಸಂಘದಂಥ ಊರ ಸಂಘಗಳೂ ಇದೇ ಹಾದಿಯಲ್ಲಿ ಬೆಳೆದವು. ಸಹಕಾರಿ ಚಳವಳಿಯ ಬಗ್ಗೆ ಎಷ್ಟೋ ಭಾಷಣಗಳಾಗಿವೆ. ಈ ಸೀಮೆಗೆ ಅದು ಕೊಟ್ಟ ಅತಿ ಬೆಲೆಬಾಳುವ ವಸ್ತು ಕಾಯುವ ಸಮಯ ಎಂದು ಅನ್ನಿಸುತ್ತದೆ. ಆದರೆ ಅಡಿಕೆಯನ್ನು ಅಟ್ಟದ ಮೇಲೆ ಇಡಬಹುದು, ಒಂದು ದಿನದ ದುಡಿಮೆಯನ್ನು ಇಡಲಾಗದು. ಕೂಲಿಯವನಿಗೆ ಅಂಥ ಸೊಸೈಟಿ ಬರಲಿಲ್ಲ.

1930ರ ದಶಕದ ಆರಂಭ ಎಲ್ಲರನ್ನೂ ಒಟ್ಟಿಗೆ ಹಿಡಿಯಿತು. ಜಗತ್ತಿನ ಆರ್ಥಿಕ ಕುಸಿತದಲ್ಲಿ ಬೆಳೆಗಳ ಬೆಲೆ ಬಿತ್ತು. 1931ರ ಕೊನೆಯಲ್ಲಿ ಭಾರತ ಸರ್ಕಾರ ತನ್ನ ನೌಕರರ ಸಂಬಳವನ್ನು ಶೇ 10ರಷ್ಟು ಕತ್ತರಿಸಿತು. ಮುಲ್ಕಿ ಪರೀಕ್ಷೆ ಪಾಸಾಗಿ ಶಾಲೆಯ ಮಾಸ್ತರಿಕೆಗೆ ಕಾದಿದ್ದ ಹುಡುಗರು ಸಿಕ್ಕಿದ್ದಕ್ಕೆ ತೃಪ್ತಿಪಡಬೇಕಾದ ಕಾಲ ಅದು. ಅಂಥ ಹೊತ್ತಿನಲ್ಲಿ ಸಿದ್ದಾಪುರ, ಶಿರಸಿ, ಅಂಕೋಲಾದ ರೈತರು ಕರನಿರಾಕರಣೆಗೆ ಇಳಿದರು. ಭೂಮಿ ಜಪ್ತಿಯಾಯಿತು, ಪಾತ್ರೆ ಪಗಡೆ ಹರಾಜಿಗೆ ಬಂತು. ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಅಲ್ಲಿ ಅವರ ನೆನಪಿನ ಸ್ಮಾರಕವಿದೆ. ನಿನ್ನೆಯವರೆಗೆ ಆಳುಗಳನ್ನು ಕರೆಯುತ್ತಿದ್ದ ಮನೆಗಳಿಗೆ ಇಂದು ತಮ್ಮದೆನ್ನುವ ಮರ ಇಲ್ಲ. ಮುಂಬಯಿ ಪ್ರಾಂತದಲ್ಲಿ 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆಯೇ ಜಪ್ತಿಯಾದ ಜಮೀನು ಹಿಂದಿರುಗಿಸುವ ಕೆಲಸ ನಡೆಯಿತು. ಅಲ್ಲಿಯವರೆಗಿನ ವರ್ಷಗಳನ್ನು ಈ ಕುಟುಂಬಗಳು ಕಳೆದ ಬಗೆಯನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ‘ತೋಟ ಇದ್ದಲಾ’ ಎಂಬ ಮಾತು ಆಗ ಅವರ ಪಾಲಿಗೂ ಇರಲಿಲ್ಲ.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕೆಲಸಕ್ಕೆಂದು ಮುಂಬಯಿ, ಹುಬ್ಬಳ್ಳಿ, ಧಾರವಾಡದ ಕಡೆ ತಿರುಗುತ್ತಿದ್ದ ಮುಖಗಳು ನಿಧಾನವಾಗಿ ಬೆಂಗಳೂರಿನತ್ತ ತಿರುಗಿದವು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಕಾನೂನಿನಲ್ಲಿ ಕೊನೆಗೊಂಡಾಗ, ಗೇಣಿದಾರರು ಬಹಳವಿದ್ದ ಈ ಜಿಲ್ಲೆಯಲ್ಲಿ ಅನೇಕರ ಹೆಸರಿಗೆ ಗದ್ದೆಯ ತುಂಡು ಬಂತು. 1976ರ ಕಾಯ್ದೆ ಜೀತವನ್ನು, ಅದರ ಸಾಲವನ್ನು ರದ್ದು ಮಾಡಿತು. ಭೂಮಿ ಬಂದ ಮನೆಯಲ್ಲಿ ಭಾದ್ರಪದದ ಅಕ್ಕಿ ಒಡೆಯರ ಅಂಗಳದಿಂದ ಬರಬೇಕಾಗಿರಲಿಲ್ಲ. ಅಲ್ಲಿಂದ ಮುಂದೆ ಕೊನೆಗೌಡ ದರ ಕೇಳುವ ದನಿಯೇ ಬದಲಾಯಿತು.

ನಂತರ ಬಂತು 2000ದ ಇಸವಿಯ ಹೊಡೆತ. ಹಿಂದಿನ ಕೆಲವು ವರ್ಷ ಚೆನ್ನಾಗಿದ್ದ ಅಡಿಕೆಯ ಧಾರಣೆ ಕುಸಿಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲಿ ಇಂಟರ್ನೆಟ್ ಕಂಪನಿಗಳ ಗುಳ್ಳೆ ಒಡೆದು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಳೂ ಅಲುಗಾಡಿದವು. ಊರು, ಪೇಟೆ ಎರಡೂ ಕಾಲುಗಳು ಒಟ್ಟಿಗೆ ನಡುಗಿದ ಅಂಥ ಹೊತ್ತಿನಲ್ಲಿ, ತೋಟದ ಭರವಸೆ ಹೇಳಬೇಕಾದ ಅಪ್ಪಯ್ಯನೇ ‘ಎಷ್ಟು ಕೊಟ್ಟರೂ ಹೋಗು’ ಎಂದರೆ ಆಶ್ಚರ್ಯವಿಲ್ಲ.

ಅದೇ ಕಾಲದ ಕೋಲಾರ ಚಿನ್ನದ ಗಣಿಯನ್ನು ಇದರ ಜೊತೆಗಿಟ್ಟು ನೋಡಬೇಕು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ತಲೆಮಾರುಗಳಿಂದ ನೆಲದಾಳಕ್ಕೆ ಇಳಿದು ದುಡಿದ ಕುಟುಂಬಗಳಿಗೆ ಹಿಂದಿರುಗಲು ಗದ್ದೆಯೂ ಇಲ್ಲ, ತೋಟವೂ ಇಲ್ಲ. ಕೆಜಿಎಫ್‌ನಿಂದ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಾವಲುಗಾರಿಕೆ, ಕಟ್ಟಡ ಕೆಲಸ, ಗುತ್ತಿಗೆ ಕೆಲಸ ಮಾಡಿ ರಾತ್ರಿ ಮರಳುವ ಬದುಕು ಸಾವಿರಾರು ಜನರದ್ದಾಯಿತು. ಕಡಿಮೆ ಸಂಬಳ ಒಪ್ಪುವುದೋ ಬೇಡವೋ ಎಂದು ಕೂತು ಯೋಚಿಸುವಷ್ಟು ದಿನ ಅವರಿಗೆ ಸಿಗಲಿಲ್ಲ.

ಮತ್ತೆ ಘಟ್ಟದ ಮೇಲಿನ ಊರಿಗೆ. 2008ರ ಏಪ್ರಿಲ್‌ನಿಂದ ಉದ್ಯೋಗ ಖಾತರಿ ಯೋಜನೆ ದೇಶದ ಉಳಿದ ಜಿಲ್ಲೆಗಳೊಂದಿಗೆ ಉತ್ತರ ಕನ್ನಡಕ್ಕೂ ಬಂತು. ಕರ್ನಾಟಕದಲ್ಲಿ ಅದರ ದಿನಗೂಲಿ 2020-21ರಲ್ಲಿ 275 ರೂಪಾಯಿ, 2025-26ರಲ್ಲಿ 370 ಇತ್ತು. ಆ ವರ್ಷ ನೂರು ದಿನ ಪೂರ್ತಿ ಸಿಕ್ಕಿದ್ದರೂ ಕೈಗೆ ಬರುತ್ತಿದ್ದುದು 37,000. ಕೊನೆಗೌಡನ ಕಣ್ಣಿಗೆ ಇದು ದೊಡ್ಡದಲ್ಲ. ಮರ ಹತ್ತುವವರು ವಿರಳವಾಗಿರುವಾಗ ಇದು ಅವನ ದರದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಹೆಣ್ಣಾಳಿಗೆ ಇದು ದೊಡ್ಡದು. ತೋಟಗದ್ದೆಯಲ್ಲಿ ಗಂಡಾಳಿಗಿಂತ ಕಡಿಮೆ ಪಡೆಯುವುದೇ ರೂಢಿಯಾಗಿದ್ದವಳಿಗೆ, ಇಂಗುಗುಂಡಿ ತೋಡಿದ ದಿನ ಗಂಡಸಿನಷ್ಟೇ ಕೂಲಿ ತನ್ನ ಖಾತೆಗೇ ಬಂತು. ಮರುದಿನ ತೋಟಕ್ಕೆ ಕರೆಯಲು ಬಂದವರ ಮುಂದೆ ಅವಳ ಬಾಯಲ್ಲಿ ಒಂದು ಸಂಖ್ಯೆ ಇತ್ತು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದ ಮೇಲಿನ ತಿಂಗಳುಗಳಲ್ಲಿ ಈ ಊರುಗಳಿಗೆ ಮರಳಿದವರಲ್ಲಿ ಎರಡೂ ಬಗೆಯ ಮನೆಗಳ ಮಕ್ಕಳಿದ್ದರು. ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿ, ತಾಡಪತ್ರೆಯ ಕೆಳಗೆ ಲ್ಯಾಪ್‌ಟಾಪ್ ಇಟ್ಟು ಕೂತವರಿಗೆ ಬಂದ ಪತ್ರವೂ ಒಂದೇ ಥರದ್ದು: ಸಂಬಳ ಕಡಿತ, ಒಪ್ಪಿಗೆ ಇದ್ದರೆ ತಿಳಿಸಿ. ತೋಟದ ಮನೆಯವ ಅಪ್ಪಯ್ಯನ ಜೊತೆ ಕೊಳೆ ಔಷಧಿ ಹೊಡೆಸುವ ಕೆಲಸಕ್ಕೆ ನಿಂತು, ಕೊಯ್ಲಿನ ಹೊತ್ತಿಗೆ ನೋಡೋಣ ಎಂದು ತಡೆದ. ಕೂಲಿಯ ಮನೆಯಿಂದ ಓದಿ ಮೇಲೆ ಬಂದವಳು, ತಂಗಿಯ ಫೀಸು, ಬೈಕಿನ ಕಂತು ಕೂಡಿಸಿ ನೋಡಿ ಅದೇ ಸಂಜೆ ಗುಡ್ಡದ ಮೇಲಿಂದಲೇ ಒಪ್ಪಿಗೆ ಕಳಿಸಿದಳು. ಇಳಿದು ಬರುವಾಗ ಮಳೆ ಹಿಡಿದಿತ್ತು. ಅವಳ ಅಮ್ಮ ಅಂದು ನಟ್ಟಿಗೆ ಹೋದವಳು ಇನ್ನೂ ಗದ್ದೆಯಲ್ಲಿದ್ದಳು.