ಹಿಂಡಿದಷ್ಟೂ ಉಳಿತಾಯ

ಮಲೆನಾಡಿನ ನಮ್ಮ ಮನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುತ್ತಿದ್ದುದು ಬಚ್ಚಲ ಒಲೆಯ ಮೇಲೆ. ಹಂಡೆಯ ನೆತ್ತಿಗೆ ಅಡ್ಡಡ್ಡ ಬಿದಿರಿನ ಗಳ ಕಟ್ಟಿ ಶಾಲೆಯ ಅಂಗಿ, ಚಡ್ಡಿ, ಅಜ್ಜಿಯ ಸೀರೆ, ತಂಗಿಯ ತೊಟ್ಟಿಲ ಬಟ್ಟೆ ಎಲ್ಲವನ್ನೂ ಹರವುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಬಿಳಿ ಅಂಗಿಗೆ ಹೊಗೆಯ ಬಣ್ಣವೂ ವಾಸನೆಯೂ ಹತ್ತಿರುತ್ತಿತ್ತು. ಅಮ್ಮನಿಗೆ ಒಗೆಯುವುದು ಒಂದು ಗಂಟೆಯ ಕೆಲಸ, ಒಣಗಿಸುವುದು ಎರಡು ದಿನದ ಕೆಲಸ. ಜಮಖಾನೆಯನ್ನು ಹಿಂಡಬೇಕಾದಾಗ ನನ್ನನ್ನು ಕೂಗುತ್ತಿದ್ದರು. ಅವರು ಒಂದು ತುದಿ, ನಾನು ಇನ್ನೊಂದು ತುದಿ ಹಿಡಿದು ತಿರುಚುತ್ತ ಹೋದರೆ ಕೊನೆಗೆ ತೊಟ್ಟಿಕ್ಕುವ ಹನಿಗಾಗಿ ಇಬ್ಬರ ರಟ್ಟೆಯೂ ಸೋಲುತ್ತಿತ್ತು. ವಾಷಿಂಗ್ ಮೆಷಿನ್ನಿನ ಇಡೀ ಚರಿತ್ರೆ ಆ ಕೊನೆಯ ಹನಿಯ ಸುತ್ತಲೇ ಇದೆ ಎಂಬುದು ಅರ್ಥವಾಗಿದ್ದು ಬಹಳ ವರ್ಷಗಳ ಮೇಲೆ, ಮನೆಗೊಂದು ಯಂತ್ರ ಕೊಳ್ಳಲು ಅಂಗಡಿ ಅಂಗಡಿ ಅಲೆದಾಗ.

ಕೊಳೆ ತೆಗೆಯುವುದು ಮನುಷ್ಯನಿಗೆ ಹಳೆಯ ವಿದ್ಯೆ. ನಮ್ಮಲ್ಲಿ ಸವಳು ಮಣ್ಣು, ಅಂಟುವಾಳದ ಕಾಯಿ, ಒಲೆಯ ಬೂದಿ ಸಾಬೂನಿಗಿಂತ ಮೊದಲೇ ಇದ್ದವು. ಊರಿನ ಬಟ್ಟೆಯನ್ನು ಹೊಳೆಗೆ ಹೊತ್ತೊಯ್ದು ಮಡಿ ಮಾಡಿ ತರುವ ಕಾಯಕಕ್ಕೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರಂಥ ಶರಣರಿದ್ದರು. ಒಗೆಯುವ ಕಲ್ಲಿನ ತಂತ್ರವನ್ನು ಸ್ವಲ್ಪ ಗಮನಿಸಿ: ಬಟ್ಟೆಗೆ ಸಾಬೂನು ತಿಕ್ಕಿ, ನೆನೆದ ಬಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿ ಕಲ್ಲಿಗೆ ಹಾಕಿದರೆ ಎಳೆಗಳ ನಡುವಿನ ನೀರು ಕೊಳೆಯನ್ನು ಹೊತ್ತು ಚಿಮ್ಮುತ್ತದೆ. ಇಲ್ಲಿ ನೀರು ಕಡಿಮೆ, ಪೆಟ್ಟು ಹೆಚ್ಚು. ಯಂತ್ರಗಳು ಬಹುಕಾಲ ಇದಕ್ಕೆ ತಿರುಗುಮುರುಗಾದ ದಾರಿ ಹಿಡಿದವು.

ಜರ್ಮನಿಯ ರೇಗನ್ಸ್‌ಬರ್ಗಿನ ಯಾಕೋಬ್ ಕ್ರಿಸ್ಟಿಯನ್ ಶೆಫರ್ 1767ರಲ್ಲಿ ಒಗೆಯುವ ಯಂತ್ರದ ವಿನ್ಯಾಸ ಪ್ರಕಟಿಸಿದ. ಅಮೆರಿಕದ ಹ್ಯಾಮಿಲ್ಟನ್ ಸ್ಮಿತ್ 1858ರಲ್ಲಿ ತಿರುಗುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಷಿಕಾಗೋದ ಹರ್ಲಿ ಕಂಪನಿ ವಿದ್ಯುತ್ ಮೋಟಾರಿನ ‘ಥಾರ್’ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಇವೆಲ್ಲ ತಿರುಗಿಸುವ ಕೈಯನ್ನು ಬಿಡುಗಡೆ ಮಾಡಿದವು. ಹಿಂಡುವ ಕೈಗೆ ಮಾತ್ರ ಬಿಡುವು ಸಿಗಲಿಲ್ಲ. ಎರಡು ರಬ್ಬರ್ ಉರುಳೆಗಳ ನಡುವೆ ಬಟ್ಟೆ ತೂರಿಸಿ ನೀರು ತೆಗೆಯಬೇಕಿತ್ತು, ಬೆರಳು ಸಿಕ್ಕಿ ಜಜ್ಜಿಹೋದವರೂ ಇದ್ದರು. 1937ರಲ್ಲಿ ಬಂದ ಬೆಂಡಿಕ್ಸ್ ಮೊದಲ ಬಾರಿಗೆ ಒಗೆದು, ಜಾಲಾಡಿ, ತಿರುಗಿಸಿ ನೀರು ತೆಗೆಯುವುದನ್ನೆಲ್ಲ ತಾನೇ ಮಾಡಿತು. ಮುಂದೆ ಗಾಜಿನ ಬಾಗಿಲು, ಒಳಗೆ ಅಡ್ಡ ಮಲಗಿದ ಡ್ರಮ್ಮು: ಇಂದು ನಾವು ಫ್ರಂಟ್ ಲೋಡ್ ಎನ್ನುವ ರೂಪವೇ ಅದು. ಆದರೆ ತಿರುಗುವಾಗ ಎಷ್ಟು ನಡುಗುತ್ತಿತ್ತೆಂದರೆ ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಕಡೆ ವಾಲಿತು. ನೀರು, ವಿದ್ಯುತ್ತು ಎರಡೂ ಅಗ್ಗವಾಗಿದ್ದ ಕಾಲ. ತೊಟ್ಟಿಯ ತುಂಬ ನೀರು ತುಂಬಿ, ನಡುವಿನ ಕಂಬದಿಂದ ಕಲಕಿದರಾಯಿತು. ಜಪಾನು 1960ರ ದಶಕದಲ್ಲಿ ಎರಡು ತೊಟ್ಟಿಯ ಸಣ್ಣ ಯಂತ್ರವನ್ನು ಮನೆಮನೆಗೆ ಮುಟ್ಟಿಸಿತು. ಒಂದರಲ್ಲಿ ಒಗೆತ, ಪಕ್ಕದ್ದರಲ್ಲಿ ಹಿಂಡುವುದು. ಯುರೋಪು ಮಾತ್ರ ಅಡ್ಡ ಡ್ರಮ್ಮನ್ನು ಬಿಡಲಿಲ್ಲ. ಅಲ್ಲಿನವರಿಗೆ ಬಿಸಿನೀರಿನ ಒಗೆತ ಬೇಕಿತ್ತು, ಕಾಯಿಸಬೇಕಾದ ನೀರು ಕಡಿಮೆಯಿದ್ದಷ್ಟೂ ಬಿಲ್ಲು ಕಡಿಮೆ. ಅಡ್ಡ ಡ್ರಮ್ಮಿನಲ್ಲಿ ನೀರು ತಳದಲ್ಲಷ್ಟೇ ಇರುತ್ತದೆ. ಡ್ರಮ್ಮು ಬಟ್ಟೆಯನ್ನು ಮೇಲಕ್ಕೆ ಒಯ್ದು ಕೆಡವುತ್ತದೆ, ಬಿದ್ದ ಪೆಟ್ಟಿಗೆ ಕೊಳೆ ಬಿಡುತ್ತದೆ. ನಮ್ಮ ಒಗೆಯುವ ಕಲ್ಲಿನ ಲೆಕ್ಕಾಚಾರವೇ ಇದು.

‘ಹೈ ಎಫಿಷಿಯೆನ್ಸಿ’ ಎಂಬ ಮಾತು ಅಮೆರಿಕದ ಮನೆಗಳಿಗೆ ಬಂದದ್ದು 1990ರ ದಶಕದಲ್ಲಿ. ಅದರ ಅತ್ಯಂತ ಸೊಗಸಾದ ಪರೀಕ್ಷೆ ನಡೆದದ್ದು ಕಾನ್ಸಸ್ ರಾಜ್ಯದ ಬರ್ನ್ ಎಂಬ ಪುಟ್ಟ ಊರಿನಲ್ಲಿ, 1997ರಲ್ಲಿ. ನೂರರ ಆಸುಪಾಸಿನ ಮನೆಗಳಲ್ಲಿ ಮೊದಲು ಹಳೆಯ ಯಂತ್ರಗಳ ಬಳಕೆಯನ್ನು ಅಳೆದರು. ಆಮೇಲೆ ಅವನ್ನು ತೆಗೆದು ಎಲ್ಲರಿಗೂ ಅಡ್ಡ ಡ್ರಮ್ಮಿನ ಹೊಸ ಯಂತ್ರ ಕೊಟ್ಟರು. ಜನ ಅವರೇ, ಬಟ್ಟೆ ಅವೇ, ಕೊಳೆಯೂ ಅದೇ. ಒಂದು ಸಲದ ಒಗೆತಕ್ಕೆ ಸುಮಾರು 157 ಲೀಟರ್ ಬೇಕಿದ್ದ ನೀರು 98 ಲೀಟರಿಗೆ ಇಳಿಯಿತು, ಶಕ್ತಿಯ ಖರ್ಚು ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ: ಯಂತ್ರದಿಂದ ಹೊರಬಂದ ಬಟ್ಟೆಯಲ್ಲಿ ಉಳಿಯುವ ತೇವವೂ ಕಡಿಮೆಯಾಗಿತ್ತು. ಬಹುಪಾಲು ಮನೆಗಳಲ್ಲಿ ಡ್ರೈಯರ್ ಇರುವ ದೇಶದಲ್ಲಿ ಅದೇ ದೊಡ್ಡ ಉಳಿತಾಯ.

ನಮ್ಮ ದೇಶದ ಕಥೆ ಯಂತ್ರಕ್ಕಿಂತ ಮೊದಲು ಪುಡಿಯಿಂದ ಶುರುವಾಗುತ್ತದೆ. 1959ರಲ್ಲಿ ಸರ್ಫ್ ಬಂತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ಸೈಕಲ್ಲಿನ ಮೇಲೆ ಮಾರತೊಡಗಿದ ನಿರ್ಮಾ, ಪುಡಿಯನ್ನು ಬಡವರ ಬಕೆಟ್ಟಿಗೂ ತಲುಪಿಸಿತು. ಯಂತ್ರ ಬರಲು 1980ರ ದಶಕದ ಕೊನೆಯಾಯಿತು. ವಿಡಿಯೊಕಾನ್‌ನ ಜಾಹೀರಾತು ದೂರದರ್ಶನದಲ್ಲಿ ಬಂದಾಗ ನಮ್ಮ ಬೀದಿಯ ಹೆಂಗಸರು ಕೆಲಸ ಬಿಟ್ಟು ಬಂದು ನೋಡುತ್ತಿದ್ದರು. ಬೆಂಗಳೂರಿನ ಬಿಪಿಎಲ್ ಜಪಾನಿನ ಸಾನ್ಯೊ ಜೊತೆಗೂಡಿ ಯಂತ್ರ ತಂದಿತು, ಐಎಫ್‌ಬಿ ಗೋವಾದಲ್ಲಿ ಫ್ರಂಟ್ ಲೋಡ್ ತಯಾರಿಸಿತು. 1990ರ ದಶಕದ ನಡುವಿನಲ್ಲಿ ವರ್ಲ್‌ಪೂಲ್, ಸ್ಯಾಮ್‌ಸಂಗ್, ಎಲ್‌ಜಿ ಒಂದರ ಹಿಂದೆ ಒಂದು ಕಾಲಿಟ್ಟವು. ಪೈಪೋಟಿ ಏರಿತು, ಬೆಲೆ ಇಳಿಯಿತು.

ಇಷ್ಟಾದರೂ ಭಾರತದಲ್ಲಿ ಹೆಚ್ಚು ಕಾಲ ನಿಂತದ್ದು ಎರಡು ತೊಟ್ಟಿಯ ‘ಸೆಮಿ’. ಅದನ್ನು ಹಳೆಯ ಕಾಲದ್ದೆಂದು ಹಗುರವಾಗಿ ಕಾಣುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಬಕೆಟ್ಟಿನಿಂದ ಸುರಿದರೂ ನಡೆಯುವ ಯಂತ್ರ ಅದು. ಬಿಳಿ ಬಟ್ಟೆ ಒಗೆದ ಸೋಪಿನ ನೀರಿನಲ್ಲೇ ಬಣ್ಣದ್ದನ್ನು, ಆಮೇಲೆ ಒರೆಸುವ ಬಟ್ಟೆಯನ್ನು ಹಾಕಿ, ಕೊನೆಗೆ ಅದೇ ನೀರಿನಲ್ಲಿ ಅಂಗಳ ತೊಳೆಯುವ ಗೃಹಿಣಿಯ ಮುಂದೆ ಯಾವ ಕಂಪ್ಯೂಟರ್ ಪ್ರೋಗ್ರಾಮೂ ನಿಲ್ಲದು. ಹತ್ತು ಹನ್ನೆರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಊರಿನ ಮೆಕ್ಯಾನಿಕ್ಕೇ ರಿಪೇರಿ ಮಾಡುತ್ತಾನೆ. ಪಕ್ಕದಲ್ಲೇ ನಿಂತು ಮಾಡಿಸಬೇಕು ಎಂಬುದೇ ಅದರ ಕೊರತೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರೆ, ಮನೆಗೆಲಸ ಮಾಡುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಹಸುಗೂಸು, ಶಾಲೆಗೆ ಹೋಗುವ ಮಗು, ಹಾಸಿಗೆ ಹಿಡಿದ ಹಿರಿಯರು ಒಟ್ಟಿಗೆ ಇರುವ ಮನೆಯಲ್ಲಿ ಯಂತ್ರದ ಮುಂದೆ ನಿಲ್ಲುವ ಸಮಯವನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ಒಂದು ಎಚ್ಚರಿಕೆ. ಸೆಮಿ ಯಂತ್ರದ ಎರಡನೆಯ ತೊಟ್ಟಿಯನ್ನು ನಮ್ಮ ಅಂಗಡಿಗಳಲ್ಲಿ ‘ಡ್ರೈಯರ್’ ಎಂದೇ ಕರೆಯುತ್ತಾರೆ. ಅದು ಹಿಂಡುವ ತೊಟ್ಟಿ, ಒಣಗಿಸುವುದಲ್ಲ. ನಿಜವಾದ ಡ್ರೈಯರ್ ಬಿಸಿ ಗಾಳಿಯಿಂದ ನೀರನ್ನು ಆವಿ ಮಾಡುತ್ತದೆ. ಅದನ್ನು ರೂಪಿಸಿದವನು ಉತ್ತರ ಡಕೋಟಾದ ಜೆ. ರಾಸ್ ಮೂರ್, ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಹಿಮ ಸುರಿಯುವ ಊರಿನ ಅಂಗಳದಲ್ಲಿ ಬಟ್ಟೆ ಹೆಪ್ಪುಗಟ್ಟಿ ಹಲಗೆಯಾಗುವುದನ್ನು ಕಂಡವರಿಗೆ ಅದು ಬೇಕೇ ಬೇಕಿತ್ತು.

ಹಿಂಡುವುದಕ್ಕೂ ಒಣಗಿಸುವುದಕ್ಕೂ ಇರುವ ಅಂತರವನ್ನು ಲೆಕ್ಕದಲ್ಲಿ ನೋಡಿ. ಒಂದು ಲೀಟರ್ ನೀರನ್ನು ಆವಿ ಮಾಡಲು ಮುಕ್ಕಾಲು ಯೂನಿಟ್‌ಗೆ ಹತ್ತಿರ ಹತ್ತಿರ ಶಾಖ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿಯೂ ಇದನ್ನು ಬದಲಿಸಲಾಗದು. ಏಳು ಕೆಜಿ ಹತ್ತಿ ಬಟ್ಟೆಯನ್ನು ನಿಮಿಷಕ್ಕೆ 800 ಸುತ್ತಿನ ವೇಗದಲ್ಲಿ ತಿರುಗಿಸಿದರೆ ಅದರಲ್ಲಿ ಸುಮಾರು ಐದು ಲೀಟರ್ ನೀರು ಉಳಿಯುತ್ತದೆ. 1400 ಸುತ್ತಿಗೆ ಏರಿಸಿದರೆ ಮೂರೂವರೆ ಲೀಟರಿನಷ್ಟಕ್ಕೆ ಇಳಿಯುತ್ತದೆ. ಹೆಚ್ಚಿನ ವೇಗಕ್ಕೆ ತಗಲುವ ವಿದ್ಯುತ್ತು ಅತ್ಯಲ್ಪ, ತಪ್ಪಿದ ಆ ಒಂದೂವರೆ ಲೀಟರನ್ನು ಡ್ರೈಯರ್‌ನಲ್ಲಿ ಆವಿ ಮಾಡಲು ಒಂದು ಯೂನಿಟ್ ಬೇಕಿತ್ತು. ಅಮ್ಮನೂ ನಾನೂ ಜಮಖಾನೆಯ ಎರಡು ತುದಿ ಹಿಡಿದು ಮಾಡುತ್ತಿದ್ದುದು ಇದೇ ಉಳಿತಾಯ.

ಹಾಗಾಗಿ ಡ್ರೈಯರ್ ತಂತ್ರಜ್ಞಾನ ಆ ಶಾಖವನ್ನು ಬಿಸಾಡದೆ ಮತ್ತೆ ಬಳಸುವ ದಾರಿ ಹುಡುಕಿತು. ಹಳೆಯವು ಬಿಸಿ ತೇವದ ಗಾಳಿಯನ್ನು ಕೊಳವೆಯ ಮೂಲಕ ಹೊರಗೆ ಬಿಡುತ್ತಿದ್ದವು. ಕಂಡೆನ್ಸರ್ ಮಾದರಿ ಅದನ್ನು ತಣಿಸಿ ನೀರನ್ನು ತಟ್ಟೆಗೆ ಇಳಿಸಿತು. ಯುರೋಪಿನಲ್ಲಿ 1997ರಲ್ಲಿ ಕಾಣಿಸಿಕೊಂಡ ಹೀಟ್ ಪಂಪ್ ಮಾದರಿಯಲ್ಲಿ ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇದೆ, ತಣಿಸಿದ ಬದಿಯ ಶಾಖವನ್ನೇ ಬಿಸಿಯ ಬದಿಗೆ ಸಾಗಿಸುತ್ತದೆ. ಹೀಟರ್ ಡ್ರೈಯರ್ ಒಂದು ಸಲಕ್ಕೆ ನಾಲ್ಕು ಐದು ಯೂನಿಟ್ ಎಳೆದರೆ ಇದಕ್ಕೆ ಅದರ ಅರ್ಧವೂ ಸಾಕಾಗುವುದುಂಟು. ಸ್ವಿಟ್ಜರ್ಲೆಂಡ್ 2012ರಿಂದ ಹೀಟ್ ಪಂಪ್ ಅಲ್ಲದ ಹೊಸ ಡ್ರೈಯರ್‌ಗೆ ಬಾಗಿಲು ಮುಚ್ಚಿತು, ಯುರೋಪ್ ಒಕ್ಕೂಟದ ನಿಯಮ 2025ರ ಜುಲೈಯಿಂದ ಅದೇ ದಾರಿ ಹಿಡಿದಿದೆ. ನಮ್ಮಲ್ಲಿ ಹೀಟ್ ಪಂಪ್ ಡ್ರೈಯರ್‌ನ ಬೆಲೆ ಒಳ್ಳೆಯ ವಾಷಿಂಗ್ ಮೆಷಿನ್ನಿಗಿಂತ ಹೆಚ್ಚು.

ಒಂದೇ ಡಬ್ಬಿಯಲ್ಲಿ ಎರಡೂ ಮಾಡುವ ವಾಷರ್-ಡ್ರೈಯರ್ ಈಗ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಜನಪ್ರಿಯ. ಬೆಳೆಯುವ ಸಂಸಾರಕ್ಕೆ ನಾನು ಇದನ್ನು ಹೇಳಲಾರೆ. ಎಂಟು ಕೆಜಿ ಒಗೆಯುವ ಯಂತ್ರ ಒಣಗಿಸುವುದು ಐದೇ ಕೆಜಿ. ಅರ್ಧ ಬಟ್ಟೆ ಹೊರಗೆ ತೆಗೆದಿಟ್ಟು, ಮೊದಲ ಕಂತು ಒಣಗುವವರೆಗೂ ಕಾಯಬೇಕು, ಅಷ್ಟು ಹೊತ್ತು ಹೊಸ ಬಟ್ಟೆ ಒಗೆಯುವಂತಿಲ್ಲ. ಕೆಲವು ಮಾದರಿಗಳು ಆವಿಯನ್ನು ತಣಿಸಲು ತಣ್ಣೀರನ್ನೇ ಹರಿಸುತ್ತವೆ. ಒಣಗಿಸಲು ನೀರು ಖರ್ಚು ಮಾಡುವುದನ್ನು 2024ರ ಬೇಸಿಗೆಯ ಬೆಂಗಳೂರನ್ನು ಕಂಡವರು ಒಪ್ಪುವುದು ಕಷ್ಟ. ಆ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತಿತ್ತು.

ನೀರಿನ ವಿಷಯದಲ್ಲಿ ಇನ್ನೊಂದು ಲೆಕ್ಕ ಮಾಡಬಹುದು. ಟಾಪ್ ಲೋಡ್ ಒಂದು ಸಲಕ್ಕೆ 120 ಲೀಟರ್, ಫ್ರಂಟ್ ಲೋಡ್ 60 ಲೀಟರ್ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 25 ಸಲ ಒಗೆದರೆ ವರ್ಷಕ್ಕೆ 18,000 ಲೀಟರ್ ವ್ಯತ್ಯಾಸ, ಅಂದರೆ 6,000 ಲೀಟರಿನ ಮೂರು ಟ್ಯಾಂಕರ್. ಬಿಸಿಯ ಲೆಕ್ಕವೂ ಹೀಗೆಯೇ. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 40ಕ್ಕೆ ಏರಿಸಲು ಕಾಲು ಯೂನಿಟ್, 60ಕ್ಕೆ ಏರಿಸಲು ಅರ್ಧಕ್ಕಿಂತ ಹೆಚ್ಚು. ಈಗಿನ ಪುಡಿಗಳಲ್ಲಿ ಕಿಣ್ವಗಳಿರುವುದರಿಂದ ದಿನದ ಬಟ್ಟೆಗೆ 30–40 ಡಿಗ್ರಿ ಧಾರಾಳ ಸಾಕು. ಮಗುವಿನ ಲಂಗೋಟಿಗೆ, ಕಾಯಿಲೆಯವರ ಹೊದಿಕೆಗೆ ಮಾತ್ರ 60 ಇಡಿ.

ಬಯಲುಸೀಮೆಯ ಗಡಸು ನೀರಿನ ಬಗ್ಗೆ ಅಂಗಡಿಯವರು ಬಾಯಿ ಬಿಡುವುದು ಕಡಿಮೆ. ನಮ್ಮ ಈಗಿನ ಮನೆಯ ಫ್ರಂಟ್ ಲೋಡ್ ನಾಲ್ಕನೆಯ ವರ್ಷದಲ್ಲಿ ನೀರು ಬಿಸಿ ಮಾಡುವುದನ್ನು ನಿಲ್ಲಿಸಿತು. ರಿಪೇರಿಗೆ ಬಂದ ಹುಡುಗ ಹಿಂಬದಿ ಬಿಚ್ಚಿ ಹೀಟರ್ ಎಳೆದ. ಬೆರಳಿನ ಗಾತ್ರದ ಕಡ್ಡಿ ಹೆಬ್ಬೆರಳಿನಷ್ಟು ದಪ್ಪವಾಗಿ, ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಉಗುರಿನಿಂದ ಕೆರೆದರೆ ಹಪ್ಪಳದಂತೆ ಚಕ್ಕೆ ಏಳುತ್ತಿತ್ತು. ‘ಬೋರ್ ನೀರು ಸಾರ್, ಇದಕ್ಕೆ ಯಾವ ಕಂಪನಿ ಆದರೂ ಅಷ್ಟೇ’ ಎಂದ. ಅವನ ಮಾತು ನಿಜ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600. ಆ 600ಕ್ಕೆ ಹತ್ತಿರದ ನೀರಿನಲ್ಲಿ ಪುಡಿ ಸರಿಯಾಗಿ ನೊರೆ ಕಟ್ಟದು, ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ, ಟವೆಲ್ ಒರಟಾಗುತ್ತದೆ. ಎರಡು ತಿಂಗಳಿಗೊಮ್ಮೆ ಡೀಸ್ಕೇಲಿಂಗ್ ಪುಡಿ ಹಾಕಿ ಖಾಲಿ ಡ್ರಮ್ಮು ಓಡಿಸುವುದನ್ನು ಅಂದಿನಿಂದ ನಾನು ತಪ್ಪಿಸಿಲ್ಲ.

ಎಷ್ಟು ಕೆಜಿಯದ್ದು ತರಬೇಕು? ಹತ್ತಿಯ ಡಬಲ್ ಬೆಡ್‌ಶೀಟ್ ಸುಮಾರು ಒಂದು ಕೆಜಿ, ಜೀನ್ಸ್ ಮುಕ್ಕಾಲು, ಸೀರೆ ಅರ್ಧ, ಶರ್ಟು ಕಾಲು. ನಾಲ್ವರ ಮನೆಗೆ ಏಳು ಕೆಜಿ ಸಾಕು, ಇನ್ನೊಂದು ಮಗುವೋ ಊರಿನಿಂದ ಬಂದು ಉಳಿಯುವ ಅಪ್ಪ ಅಮ್ಮನೋ ಇದ್ದರೆ ಎಂಟು. ಅದಕ್ಕಿಂತ ದೊಡ್ಡದನ್ನು ತಂದು ಅರ್ಧ ಖಾಲಿ ಓಡಿಸಿದರೆ ನೀರೂ ಕರೆಂಟೂ ಪೋಲು. ಬ್ರಷ್ ಇಲ್ಲದ ಇನ್ವರ್ಟರ್ ಮೋಟಾರು ಈಗ ಸಾಮಾನ್ಯ ಬೆಲೆಯ ಯಂತ್ರಗಳಿಗೂ ಬಂದಿದೆ, ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಬಟ್ಟೆ ಗುರುತಿಸುವ ವ್ಯವಸ್ಥೆ, ಫೋನಿನಿಂದ ಚಾಲೂ ಮಾಡುವ ವೈಫೈ ಮುಂತಾದವಕ್ಕೆ ನಾಲ್ಕೈದು ಸಾವಿರ ಹೆಚ್ಚು ಕೊಡಬೇಕಾದ ಅಗತ್ಯ ನನಗೆ ಕಂಡಿಲ್ಲ.

ಕೊಳ್ಳಲು ಹೊರಟವರಿಗೆ ನನ್ನ ಕೋರಿಕೆ ಇಷ್ಟು. ಮೊದಲು ಮನೆಯ ನೀರಿನ ಗಡಸುತನ ಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ ನಕ್ಷತ್ರಗಳನ್ನಷ್ಟೇ ಎಣಿಸದೆ ವಿದ್ಯುತ್ ದಕ್ಷತೆ ತೋರಿಸುವ ಬಿಇಇ ಚೀಟಿಯಲ್ಲಿ ಒಂದು ಕೆಜಿ ಬಟ್ಟೆಗೆ ಎಷ್ಟು ಲೀಟರ್, ಎಷ್ಟು ವಿದ್ಯುತ್ ಎಂಬ ಸಾಲನ್ನು ಓದಿ. ಡ್ರೈಯರ್‌ಗೆಂದು ಎತ್ತಿಟ್ಟ ಹಣವಿದ್ದರೆ ಅದರಲ್ಲೊಂದು ಪಾಲನ್ನು 1200ಕ್ಕಿಂತ ಹೆಚ್ಚು ಸುತ್ತಿನ ಸ್ಪಿನ್ ಇರುವ ಯಂತ್ರಕ್ಕೆ ಹಾಕಿ, ಉಳಿದದ್ದರಲ್ಲಿ ತಾರಸಿಯ ಮೇಲೆ ಒಳ್ಳೆಯ ತಂತಿ ಕಟ್ಟಿಸಿ. ಮಲೆನಾಡು, ಕೊಡಗು, ಕರಾವಳಿಯಲ್ಲಿ ನಾಲ್ಕು ತಿಂಗಳು ಬಿಸಿಲೇ ಕಾಣದ ಮನೆಯವರು, ಮನೆಯಲ್ಲಿ ಕೂಸೂ ಇದ್ದರೆ, ಹೀಟ್ ಪಂಪ್ ಡ್ರೈಯರ್‌ಗೇ ಕಾದು ಹಣ ಕೂಡಿಸಿ. ಅಗ್ಗಕ್ಕೆ ಸಿಗುವ ಹೀಟರ್ ಡ್ರೈಯರ್ ತರಬೇಡಿ.