ಕೆಂಗೇರಿ ಮೋರಿಗೆ ಇಳಿದ ಕೆರೆಗಳು

ಕೇತಮಾರನಹಳ್ಳಿ, ಕುರುಬರಹಳ್ಳಿ, ಶಿವನಹಳ್ಳಿ, ಮಾರೇನಹಳ್ಳಿ: ಬೆಂಗಳೂರಿನ ಪಡುವಣ ಬಡಾವಣೆಗಳ ಒಳಗೆ ಈ ಹಳ್ಳಿಗಳ ಹೆಸರು ಮಾತ್ರ ಗಟ್ಟಿಯಾಗಿ ಉಳಿದಿದೆ. ಹೆಸರಿನ ಜೊತೆಗೊಂದು ಕೆರೆಯೂ ಇತ್ತು. ಕೇತಮಾರನಹಳ್ಳಿಯ ಕೆರೆಯ ಮೇಲೆ ಮಹಾಲಕ್ಷ್ಮೀಪುರದ ಕಡೆಯ ಮನೆಗಳೆದ್ದವು. ಶಿವನಹಳ್ಳಿಯದು ಆಟದ ಮೈದಾನವೂ ಬಸ್ ನಿಲ್ದಾಣವೂ ಆಯಿತು, ಮಾರೇನಹಳ್ಳಿಯದು ಬಡಾವಣೆಯಾಯಿತು.

1949ರಲ್ಲಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ಕೈಗಾರಿಕಾ ಉಪನಗರ ಶುರುವಾದಾಗ ಈ ಸೀಮೆಯ ಗದ್ದೆ ತೋಟಗಳು ನಿವೇಶನಗಳಾಗತೊಡಗಿದವು. ಅಚ್ಚುಕಟ್ಟೇ ಇಲ್ಲದ ಮೇಲೆ ತೂಬು ಎತ್ತುವ ನೀರಗಂಟಿಗೇನು ಕೆಲಸ? ಮನೆಗಳು ಬೇಗ ಬಂದವು, ಒಳಚರಂಡಿ ನಿಧಾನವಾಗಿ ಬಂತು. ಅಲ್ಲಿಯವರೆಗೆ ಬಚ್ಚಲು ಕಕ್ಕಸಿನ ನೀರೆಲ್ಲ ಸುಲಭದ ದಾರಿ ಹಿಡಿದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹರಿಯಿತು. ಕೆರೆ ನಾರಿತು, ಸೊಳ್ಳೆ ಹೆಚ್ಚಿತು, ಕೊನೆಗೆ ಕಡತದಲ್ಲಿ ‘ನಿರುಪಯುಕ್ತ’ ಎಂದು ಬರೆಸಿಕೊಂಡಿತು. ಕೆಡಿಸಿದವರೇ ಕೆಟ್ಟಿದೆಯೆಂದು ಷರಾ ಬರೆಯುವ ಈ ಪದ್ಧತಿಯನ್ನು ಅರ್ಥಮಾಡಿಕೊಳ್ಳದೆ ನಮ್ಮ ಕೆರೆಗಳ ಕಥೆ ತಿಳಿಯುವುದಿಲ್ಲ.

1985ರಲ್ಲಿ ಸರ್ಕಾರ ನೇಮಿಸಿದ ಎನ್. ಲಕ್ಷ್ಮಣರಾವ್ ಸಮಿತಿ ಇದನ್ನು ಕಂಡಿತ್ತು. ಉಳಿದ ಕೆರೆಗಳನ್ನು ಒಡೆಯಬಾರದು, ಕೊಳಚೆ ನೀರನ್ನು ಬೇರೆಡೆಗೆ ತಿರುಗಿಸಬೇಕು ಎಂದಿತು. 1988ರಲ್ಲಿ ಸರ್ಕಾರ ಶಿಫಾರಸನ್ನು ಒಪ್ಪಿತು. ಕೊಳಚೆ ಒಪ್ಪಲಿಲ್ಲ.

ಆಮೇಲೆ ಬಂದದ್ದು ಹೊಸ ಉಪಾಯ. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ, ಕೆರೆ ಕಾಯಲು ಹಣವಿಲ್ಲವೆಂದು, ಖಾಸಗಿಯವರಿಗೆ ಗುತ್ತಿಗೆ ಕೊಡಹೊರಟಿತು. ಹೆಬ್ಬಾಳ ಕೆರೆ ಒಬೆರಾಯ್ ಹೋಟೆಲಿನವರ ಈಸ್ಟ್ ಇಂಡಿಯಾ ಹೋಟೆಲ್ಸ್‌ಗೆ, ನಾಗವಾರ ಲುಂಬಿನಿ ಗಾರ್ಡನ್ಸ್‌ಗೆ. ಅಗರ ಮತ್ತು ವೆಂಗಯ್ಯನಕೆರೆಗಳೂ ಆ ಸಾಲಿಗೆ ಸೇರಿದವು. ದೋಣಿ ವಿಹಾರ, ನೀರಂಚಿನ ಹೋಟೆಲು, ಒಳಹೋಗಲು ಟಿಕೆಟ್ಟು. ದನ ಮೇಯಿಸುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು ಆ ನಕಾಶೆಯಲ್ಲಿ ಎಲ್ಲಿ ನಿಲ್ಲಬೇಕಿತ್ತೋ! ಇವು ಪಡುವಣದ ಕೆರೆಗಳಲ್ಲ, ನಿಜ. ಆದರೆ ಕೆರೆ ಹಾಳಾಗಲು ಬಿಟ್ಟು, ಹಾಳಾದದ್ದನ್ನೇ ನೆಪ ಮಾಡಿ ಬೇರೊಬ್ಬರ ಕೈಗೆ ಕೊಡುವ ಕ್ರಮ ಶಿವನಹಳ್ಳಿಯಲ್ಲಿ ನಡೆದದ್ದೇ. ಅಲ್ಲಿ ಬಸ್ಸು, ಇಲ್ಲಿ ದೋಣಿ.

ಈ ಗುತ್ತಿಗೆಗಳ ವಿರುದ್ಧ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2012ರ ಏಪ್ರಿಲ್‌ನಲ್ಲಿ ನ್ಯಾಯಾಲಯ, ಕೆರೆ ಸಾರ್ವಜನಿಕರ ಸ್ವತ್ತು, ಖಾಸಗಿಯವರಿಗೆ ಒಪ್ಪಿಸುವಂತಿಲ್ಲವೆಂಬ ನಿಲುವು ತಳೆದು ಹೊಸ ಗುತ್ತಿಗೆಗಳ ಬಾಗಿಲು ಮುಚ್ಚಿತು.

ಗುತ್ತಿಗೆ ನಿಂತರೂ ಕೊಳಚೆ ನೀರು ನಿಲ್ಲಲಿಲ್ಲ. ಪಡುವಣ ಬಡಾವಣೆಗಳ ಕಾಲುವೆಗಳೆಲ್ಲ ಕೂಡುವುದು ವೃಷಭಾವತಿಯನ್ನು. ನಾಯಂಡಹಳ್ಳಿ ದಾಟಿ ಮೈಸೂರು ರಸ್ತೆಗುಂಟ ಹರಿಯುವ ಅದನ್ನು ಬಸ್ಸಿನವರು ‘ಕೆಂಗೇರಿ ಮೋರಿ’ ಎಂದೇ ಕರೆದರು. ಕಿಟಕಿ ಮುಚ್ಚಿದರೂ ಬರುವ ಆ ವಾಸನೆ ಊರಿನ ವಿಳಾಸವೇ ಆಗಿಬಿಟ್ಟಿತು. ಪಾಪ, ಕೆಂಗೇರಿ ಮಾಡಿದ ತಪ್ಪೇನು? ರೈಲು ನಿಲ್ದಾಣವೂ ಸ್ವಂತ ಪುರಾಡಳಿತವೂ ಇದ್ದ ಪಟ್ಟಣವದು, ಬೃಹತ್ ಬೆಂಗಳೂರಿಗೆ ಸೇರಿದ್ದು 2007ರಲ್ಲಿ. ಮೇಲಿನ ಬಡಾವಣೆಗಳ ಹೊಲಸಿಗೆ ಹೆಸರು ಕೊಡಬೇಕಾಗಿ ಬಂತು, ಸ್ವಂತ ಕೆರೆಗೂ ಕೊಳಚೆ ತಪ್ಪಲಿಲ್ಲ.

ಇನ್ನೂ ಕೆಳಗೆ, ಬಿಡದಿ ಬಳಿಯ ಬೈರಮಂಗಲ ಜಲಾಶಯದಲ್ಲಿ ನೊರೆ ಏಳುತ್ತದೆ. 1940ರ ದಶಕದಲ್ಲಿ ಭತ್ತಕ್ಕೆಂದು ಕಟ್ಟಿದ ನೀರು ಈಗ ಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನ್ ಬೆಳೆಸುತ್ತಿದೆ. ಈ ನದಿಯ ಕೊಳಚೆಯನ್ನು ಶುದ್ಧೀಕರಿಸಿ ನೆಲಮಂಗಲದ ಕೆರೆಗಳಿಗೆ ತುಂಬಿಸುವ ಯೋಜನೆ ಹೊರಟಾಗ ಅಲ್ಲಿನ ರೈತರು ಎದ್ದುನಿಂತರು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ, ಆಮೇಲೆ ತೂಬಿನ ಮಾತು ಎಂಬುದು ಅವರ ಪಟ್ಟು.