ಸಾಲ ವಸೂಲಿ ಕರೆ: ಗಡಿಯಾಚೆಗೂ ಅದೇ ನಿಯಮ

ಕಂತು ತಪ್ಪಿದರೆ ಮೊಬೈಲು ಬಡಿದುಕೊಳ್ಳತೊಡಗುತ್ತದೆ. ತಾಳವಾಡಿಯವರ ಸಾಲ ಚಾಮರಾಜನಗರದ ಶಾಖೆಯಲ್ಲಿ, ಜತ್ತದವರದು ವಿಜಯಪುರದಲ್ಲಿ ಇದ್ದರೆ ಯಾವ ರಾಜ್ಯದ ನಿಯಮ ಎಂಬ ಗೊಂದಲ ಬೇರೆ. ಬ್ಯಾಂಕು ಮತ್ತು ನೋಂದಾಯಿತ ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮ ದೇಶಕ್ಕೆಲ್ಲ ಒಂದೇ. ಕರ್ನಾಟಕ 2025ರಲ್ಲಿ ತಂದ ಕಿರುಸಾಲ ಕಾನೂನು ಮಾತ್ರ ಗಡಿ ದಾಟುವುದಿಲ್ಲ. ಅದೇ ವರ್ಷ ತಮಿಳುನಾಡೂ ತನ್ನದೊಂದನ್ನು ಮಾಡಿತು.

2022ರ ಆಗಸ್ಟ್ ಸುತ್ತೋಲೆಯ ಪ್ರಕಾರ ಬಾಕಿ ಸಾಲಕ್ಕಾಗಿ ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಹಳ್ಳಿಯ ಹೆಂಗಸರು 'ಸಂಘದ ಸಾಲ' ಎನ್ನುವ ಮೈಕ್ರೋಫೈನಾನ್ಸಿಗೆ ಮಿತಿ ಇನ್ನೂ ಬಿಗಿ: 9ರಿಂದ 6. ಬೈಗುಳ, ನೆಂಟರಿಗೆ ಫೋನು ಮಾಡಿ ಮಾನ ಕಳೆಯುವುದು ನಿಷಿದ್ಧ. "ನಾಳೆ ಪೊಲೀಸರು ಬರ್ತಾರೆ" ಎಂಬುದು ಬಹುಪಾಲು ಬರೀ ಬೆದರಿಕೆ, ಏಕೆಂದರೆ ಸಾಲ ಬಾಕಿ ಸಿವಿಲ್ ವ್ಯಾಜ್ಯ. ಆದರೆ ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಮಾತು ಬೇರೆ. ನೋಟಿಸು ಕೈಸೇರಿದ 15 ದಿನದೊಳಗೆ ಹಣ ಕಟ್ಟದಿದ್ದರೆ ಕ್ರಿಮಿನಲ್ ಕೇಸು ಹಾಕಬಹುದು.

ಕರೆ ಮಾಡಿದವರ ಹೆಸರು, ಕಂಪನಿ, ಹೊತ್ತು ಬರೆದಿಟ್ಟುಕೊಳ್ಳಬೇಕು. ಏಜೆಂಟನ ಸ್ವಂತ ಖಾತೆಗೆ ಹಣ ಹಾಕಲೇಬಾರದು. ಫೋನ್ ಎತ್ತದೆ ಕೂರುವುದಕ್ಕಿಂತ, ಕಂತು ಇಳಿಸಿಕೊಡಿ ಎಂದು ಶಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಮೇಲು. ಕಿರುಕುಳದ ದೂರನ್ನೂ ಮೊದಲು ಅಲ್ಲಿಗೇ ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಉಚಿತವಾಗಿ ದೂರಬಹುದು. ಸಹಾಯವಾಣಿ 14448ರಲ್ಲಿ ಕನ್ನಡವಲ್ಲದೆ ತಮಿಳು, ಮಲಯಾಳಂ, ಮರಾಠಿ, ತೆಲುಗೂ ನಡೆಯುತ್ತವೆ.

ಊರಿನ ಬಡ್ಡಿ ವ್ಯಾಪಾರಿಯ ಕೈಸಾಲ ಈ ಲೋಕಪಾಲರ ವ್ಯಾಪ್ತಿಗೆ ಬಾರದು. ಅಲ್ಲಿ ಆಯಾ ರಾಜ್ಯದ ಕಾನೂನು, ವಾಸವಿರುವ ಊರಿನ ಠಾಣೆಯೇ ದಾರಿ. ಕಾಸರಗೋಡಿನವರಿಗೆ ಕೇರಳದ 2012ರ ಮಿತಿಮೀರಿದ ಬಡ್ಡಿ ನಿಷೇಧ ಕಾಯ್ದೆಯಿದೆ.